ಓಕೆ, ಕೆ, ಮತ್ತು ನಮ್ಮ ಭಾವ

ಊರಿನ ಜಮೀನಿನ ಪಹಣಿಯಲ್ಲಿ ಹೆಸರು ಬದಲಾಗಬೇಕು, ಯಾವಾಗ ಬರ್ತೀಯಾ, ಬರುವಾಗ ಏನೇನು ಕಾಗದ ತರಬೇಕು ಅಂತ ಅಣ್ಣನ ಮಗನಿಗೆ ವಾಟ್ಸಾಪಿನಲ್ಲಿ ಬರೆದೆ. ಕನ್ನಡಕ ಏರಿಸಿಕೊಂಡು, ಒಂದೇ ಬೆರಳಿನಲ್ಲಿ ಕುಟ್ಟಿ, ಒತ್ತಕ್ಷರಗಳನ್ನೆಲ್ಲ ಸರಿಮಾಡಿ ಕಳಿಸಿದ ಉದ್ದನೆಯ ಸಂದೇಶ. ಉತ್ತರ ಬಂತು: 'ಕೆ'.

ಬರ್ತಾನಾ? ಕಾಗದ ತರ್ತಾನಾ? ಓದಿದನಾದರೂ? ಇಂಗ್ಲಿಷಿನಲ್ಲಿ ಓಕೆಗೆ ಇರುವುದೇ ಎರಡು ಅಕ್ಷರ. ಅದರಲ್ಲೂ ಒಂದನ್ನು ಉಳಿಸಿ ಇವನೇನು ಸೈಟು ತಗೋತಾನಾ?

ಓಕೆಯ ಮೇಲೆ ನನಗೆ ಮೊದಲಿಂದಲೂ ಅನುಮಾನ. ಸಿನಿಮಾ ಹೇಗಿತ್ತು ಅಂತ ಕೇಳಿದರೆ 'ಓಕೆ' ಅಂದರೆ ನೋಡಬಹುದು. 'ಓಕೆ ಓಕೆ' ಅಂದರೆ ದುಡ್ಡು ದಂಡ. ಒಂದು ಸಲ ಹೇಳಿದರೆ ಪೂರ್ತಿ ಒಪ್ಪಿಗೆ, ಎರಡು ಸಲ ಹೇಳಿದರೆ ಅರ್ಧ. ಇದು ಯಾವ ಸೀಮೆ ಲೆಕ್ಕ? ಹುಡುಗಿ ಓಕೆ ಆದಳು, ಬ್ಯಾಂಕಿನಲ್ಲಿ ಸಾಲ ಓಕೆ ಆಯ್ತು, ನಿನ್ನೆ ಕೆಟ್ಟಿದ್ದ ಹೊಟ್ಟೆ ಇವತ್ತು ಓಕೆ. ಇನ್ನು ಪ್ಲಂಬರ್ 'ಓಕೆ ಸಾರ್, ನಾಳೆ ಬರ್ತೀನಿ' ಅಂದರೆ ನಾಳೆ ಬರುವುದಿಲ್ಲ ಅಂತ ಗಟ್ಟಿಯಾದ ಹಾಗೆ.

ಇಷ್ಟೆಲ್ಲ ಅಧಿಕಾರ ನಡೆಸುವ ಈ ಮಾತು ಹುಟ್ಟಿದ್ದು ಒಂದು ಕಾಗುಣಿತದ ತಮಾಷೆಯಿಂದ. 1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ನಿನ ಪತ್ರಿಕೆಯವರಿಗೆ ಒಂದು ಚಟ ಹತ್ತಿತ್ತು. ಮಾತುಗಳನ್ನು ಬೇಕಂತಲೇ ತಪ್ಪು ಬರೆಯುವುದು, ಆಮೇಲೆ ಆ ತಪ್ಪಿನ ಮೊದಲಕ್ಷರಗಳನ್ನಷ್ಟೇ ಹಾಕುವುದು. 'ಆಲ್ ಕರೆಕ್ಟ್' (all correct) ಅನ್ನುವುದು 'ಒಲ್ ಕೊರೆಕ್ಟ್' (oll korrect) ಆಗಿ, ಅದು ಓ.ಕೆ. ಆಯಿತು. 1839ರ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'ನಲ್ಲಿ ಅದು ಅಚ್ಚಾಗಿದೆ. 'ಆಲ್ ರೈಟ್' ಅನ್ನುವುದನ್ನೂ ಹೀಗೇ 'ಒಲ್ ರೈಟ್' (oll wright) ಮಾಡಿ ಓ.ಡಬ್ಲ್ಯೂ. ಅಂತ ಬರೆಯುತ್ತಿದ್ದರು. ಎಲ್ಲ ಸರಿಯಾಗಿದೆ ಅಂತ ಹೇಳುವ ಮಾತಿನಲ್ಲಿ ಎರಡು ಅಕ್ಷರ, ಎರಡೂ ತಪ್ಪು!

ಇದನ್ನು ಹುಡುಕಿ ತೆಗೆದವರು ಆಲನ್ ವಾಕರ್ ರೀಡ್ ಎಂಬ ಭಾಷಾ ವಿದ್ವಾಂಸರು. ಅವರು 1960ರ ದಶಕದಲ್ಲಿ ಹಳೆಯ ಪತ್ರಿಕೆಗಳನ್ನೆಲ್ಲ ಜಾಲಾಡುವವರೆಗೆ ಆಳಿಗೊಂದು ಕತೆ ಇತ್ತು. ಗ್ರೀಕಿನಿಂದ ಬಂತು ಅನ್ನುವವರೊಬ್ಬರು, ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಬುಡಕಟ್ಟಿನ ಮಾತು ಅನ್ನುವವರು ಇನ್ನೊಬ್ಬರು. ಚಾಕ್ಟಾ ಕತೆಯನ್ನು ನಂಬಿದ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಕಡತಗಳ ಮೇಲೆ 'ಓಕೆಹ್' ಅಂತ ಬರೆಯುತ್ತಿದ್ದರು. ಓದಿದವರು, ಕಾಗುಣಿತಕ್ಕೂ ಒಂದು ಕಾರಣ ಬೇಕಿತ್ತು.

ಆ ಕಾಲದ ಉಳಿದ ತಮಾಷೆಗಳೆಲ್ಲ ಸತ್ತುಹೋಗಿ ಇದೊಂದು ಯಾಕೆ ಉಳಿಯಿತು? ಅದನ್ನು ಹೇಳೋಣ ಅಂತಲೇ ಕೂತೆ. 1840ರ ಅಮೆರಿಕದ ಅಧ್ಯಕ್ಷ ಚುನಾವಣೆ ಒಂದು ಕಾರಣ. ಮತ್ತೆ ಗೆಲ್ಲಲು ನಿಂತಿದ್ದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಕಿಂಡರ್‌ಹುಕ್ ಊರಿನವರು. ಬೆಂಬಲಿಗರು 'ಓಲ್ಡ್ ಕಿಂಡರ್‌ಹುಕ್' ಅಂತ ಕರೆದು ಓ.ಕೆ. ಕ್ಲಬ್ಬುಗಳನ್ನು ಮಾಡಿದರು. ಅವರು ಸೋತರು, ಓಕೆ ಗೆದ್ದಿತು. ಉಳಿದ ಕಾರಣ ಹೇಳುವ ಮೊದಲು ನಮ್ಮ ಭಾವನ ವಿಷಯ ಒಂಚೂರು ಹೇಳಿಬಿಡ್ತೀನಿ. ಅದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಭಾವ ಮೈಸೂರಿನವರು, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಚೀಲದಿಂದ ಅಕ್ಷರದ ಬಿಲ್ಲೆ ತೆಗೆದು ಬೋರ್ಡಿನ ಮೇಲೆ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಟದ ಹುಚ್ಚು. ಪ್ರತಿ ದೀಪಾವಳಿಗೂ ಅಕ್ಕ ಚಕ್ಕುಲಿ ಡಬ್ಬ ಹಿಡಿದು ಬಂದರೆ ಭಾವ ಡಿಕ್ಷನರಿ ಹಿಡಿದು ಬರ್ತಾರೆ. ಇಟ್ಟಿಗೆ ಗಾತ್ರದ ಕಾಲಿನ್ಸ್. ಆ ಸಲ ಆಟದ ನಡುವೆ ನನ್ನ ಕೈಗೆ ಕೆ ಬಂತು. ಇಡೀ ಚೀಲದಲ್ಲಿ ಕೆ ಒಂದೇ ಒಂದು, ಅದಕ್ಕೆ 5 ಅಂಕ. ಬೋರ್ಡಿನ ಮೇಲೆ ಒಂದು ಓ ಬಿದ್ದಿತ್ತು. ಅದರ ಪಕ್ಕದಲ್ಲಿ ಕಡುನೀಲಿ ಮನೆ, ಅಂದರೆ ಅಕ್ಷರದ ಅಂಕ ಮೂರು ಪಟ್ಟು. ಕೆ ಇಟ್ಟೆ. ಓಕೆ. 15ಕ್ಕೆ 1 ಸೇರಿಸಿ 16.

ಭಾವ ಕನ್ನಡಕದ ಮೇಲಿಂದ ನೋಡಿದರು. "ತೆಗಿಯಯ್ಯಾ ಅದನ್ನ."

"ಯಾಕೆ ಭಾವ? ದಿನಾ ನೂರು ಸಲ ಅಂತೀರಲ್ಲ!"

"ಅನ್ನೋದು ಬೇರೆ. ಅದು ಬರೀ ಅಕ್ಷರ, ಪದ ಅಲ್ಲ."

ಪುಸ್ತಕ ತೆರೆದರು. ಇಂಗ್ಲಿಷಿನ ನಾಲ್ಕಕ್ಷರದ 'ಓಕೇ' (okay) ಇತ್ತು, ಎರಡಕ್ಷರದ್ದು ಇಲ್ಲ. ಪ್ರಪಂಚವೆಲ್ಲ ಆಡುವ ಮಾತು ಆ ಪುಸ್ತಕದಲ್ಲಿ ಇಲ್ಲ! ಕೆ ವಾಪಸ್ಸು, ನನ್ನ ಸರದಿಯೂ ಹೋಯಿತು.

ಮುಂದಿನ ಆಟದಲ್ಲಿ ಅದೇ ಕೆ ಭಾವನ ಪಾಲಾಯಿತು. ಬೋರ್ಡಿನ ಮೇಲೆ ಮತ್ತೆ ಒಂದು ಓ, ಅದರ ಎಡಗಡೆ ಕಡುನೀಲಿ ಮನೆ. ಭಾವ ಅಲ್ಲಿ ಕೆ ಇಟ್ಟರು. 'ಕೋ'. ನನ್ನ ಓಕೆಯನ್ನೇ ತಲೆಕೆಳಗು ಮಾಡಿದ್ದು. ನಾನೂ ಬಿಡಲಿಲ್ಲ, ಪುಸ್ತಕ ಕೇಳಿದೆ. ಅದರಲ್ಲಿ ಇದೆ! ನ್ಯೂಜಿಲೆಂಡಿನ ಮಾವೋರಿ ಜನ ನೆಲ ಅಗೆಯುವ ಕೋಲು. 16 ಅಂಕ. ಆ ಕೋಲನ್ನು ಭಾವ ಕಂಡಿಲ್ಲ, ಕೈದೋಟದಲ್ಲಿ ಇವತ್ತಿಗೂ ಹಾರೆ ಹಿಡಿದಿಲ್ಲ. ಆದರೂ 16. ಅಕ್ಕ ಒಳಗಿಂದ "ಕಾಫಿ ಓಕೆನಾ?" ಅಂದಳು. ನಾನು ಉತ್ತರ ಕೊಡಲಿಲ್ಲ.

ಭಾವನಿಗೆ ಪದಬಂಧದ ಚಟವೂ ಉಂಟು. ಇಂಗ್ಲಿಷ್ ಪೇಪರಿನ ಒಗಟಿನ ಪದಬಂಧದಲ್ಲಿ ಸುಳಿವಿನೊಳಗೆ 'ಒಪ್ಪಿಗೆ' ಅಂತ ಬಂದರೆ ಉತ್ತರದ ಪದದೊಳಗೆ ಎರಡಕ್ಷರದ ಓಕೆಯನ್ನೇ ಥಟ್ಟನೆ ತುರುಕುತ್ತಾರೆ. ಇಂಗ್ಲಿಷಿನ 'ಜೋಕ್' ಬರೆದು ನೋಡಿ, ಹೊಟ್ಟೆಯಲ್ಲಿ ಓಕೆ ಇದೆ. 'ಬ್ರೋಕನ್' ಬರೆಯಿರಿ, ಅಲ್ಲೂ ಇದೆ. ಇದನ್ನೆಲ್ಲ ನನಗೆ ತೋರಿಸಿಕೊಟ್ಟವರೇ ಭಾವ. ಪೇಪರಿನಲ್ಲಿ ಪದ, ನನ್ನ ಬೋರ್ಡಿನ ಮೇಲೆ ಬರೀ ಅಕ್ಷರ!

2018ರಲ್ಲಿ ಅಮೆರಿಕದ ಸ್ಕ್ರ್ಯಾಬಲ್ ಡಿಕ್ಷನರಿಗೆ ಓಕೆ ಸೇರಿತು. ಸುದ್ದಿ ಓದಿದ ತಕ್ಷಣ ಫೋನ್ ಮಾಡಿದೆ. "ಅದು ಅಮೆರಿಕದವರಿಗೆ ಕಣಯ್ಯಾ, ನಾವು ಆಡೋದು ಕಾಲಿನ್ಸ್" ಅಂದರು. 2019ರಲ್ಲಿ ಕಾಲಿನ್ಸೂ ಸೇರಿಸಿಕೊಂಡಿತು. ಮತ್ತೆ ಫೋನ್ ಮಾಡಿದೆ.

"ಆವತ್ತಿನ ಆಟಕ್ಕೆ ಆವತ್ತಿನ ಪುಸ್ತಕ" ಅಂದುಬಿಟ್ಟರು. ಬ್ಯಾಂಕಿನವರು ಅಲ್ವಾ, ಹಳೇ ಲೆಕ್ಕ ತಿದ್ದೋದಿಲ್ಲ. ನಾನೇನು ಬಡ್ಡಿ ಕೇಳಿದೆನಾ? ಅಸಲು 16 ಕೊಟ್ಟಿದ್ದರೆ ಸಾಕಿತ್ತು.