ಹಾಸಿಗೆ ಕಾಯ್ದಿರಿಸಿದ್ದಾರೆ, ಸರಿ. ಅಲ್ಲಿಯವರೆಗೆ ನಡೆಯುವವರು ಯಾರು?

“ಬೆಳಿಗ್ಗೆ ಸ್ಟೇಡಿಯಂ ಸುತ್ತ ನಾಲ್ಕು ಸುತ್ತು ಹಾಕುತ್ತೀರಲ್ಲ ಸರ್, ಅಷ್ಟು ಸಾಕು.”

ನಿನ್ನೆ ಸಂಜೆ ದಾವಣಗೆರೆಯ ಬೆಣ್ಣೆ ದೋಸೆ ಹೋಟೆಲೊಂದರಲ್ಲಿ ಪಕ್ಕದ ಟೇಬಲಿನಿಂದ ಕಿವಿಗೆ ಬಿದ್ದ ಮಾತಿದು. ಹೇಳುತ್ತಿದ್ದವರು ಪ್ರವಾಸ ಏಜೆಂಟ್. ಕೇಳುತ್ತಿದ್ದವರು ನಲವತ್ತೈದರ ಆಸುಪಾಸಿನ ಎರಡು ಜೋಡಿ ದಂಪತಿ. ಮಧ್ಯದಲ್ಲಿ ಚಟ್ನಿ ತಾಗದಂತೆ ಎತ್ತಿ ಹಿಡಿದ ಹೊಳಪು ಕಾಗದದ ಕರಪತ್ರ. ಮಾರಾಟಕ್ಕಿದ್ದ ಸರಕು ಕಾರ್ಸಿಕಾ ದ್ವೀಪದ ಜಿಆರ್ 20 ಎಂಬ ಚಾರಣದ ದಾರಿ. “ಟೆಂಟ್ ಹೊರುವ ತಾಪತ್ರಯ ಇಲ್ಲ, ಅಡುಗೆ ಮಾಡುವ ಗೋಜಿಲ್ಲ. ಹಟ್‌ನಿಂದ ಹಟ್‌ಗೆ ನಡೆದುಕೊಂಡು ಹೋಗುವುದು, ಊಟ ಮಾಡಿ ಮಲಗುವುದು, ಅಷ್ಟೇ.” ಅರ್ಜಿಯಲ್ಲಿ ‘ಹಿಂದಿನ ಚಾರಣದ ಅನುಭವ’ ಎಂಬ ಸಾಲಿಗೆ ಬಂದಾಗ ಒಬ್ಬರು ತಡವರಿಸಿದರು. ಏಜೆಂಟ್ ಪೆನ್ನು ತೆಗೆದುಕೊಂಡು ತಾವೇ ತುಂಬಿದರು: ಮುಳ್ಳಯ್ಯನಗಿರಿ.

ಮುಳ್ಳಯ್ಯನಗಿರಿ! ಕಾರು ನಿಲ್ಲಿಸಿ, ಜೋಳ ತಿಂದು, ಮೆಟ್ಟಿಲು ಹತ್ತಿ, ಫೋಟೊ ತೆಗೆಸಿಕೊಂಡು ಬರುವ ಮುಳ್ಳಯ್ಯನಗಿರಿ.

ನನ್ನ ದೋಸೆ ತಣ್ಣಗಾಯಿತು. ತಣ್ಣಗಾದ ಬೆಣ್ಣೆ ದೋಸೆ ಏನಾಗುತ್ತದೆಂದು ಈ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಸಿಟ್ಟೂ ಈ ಬರಹದಲ್ಲಿ ಒಂದಿಷ್ಟು ಸೇರಿಕೊಂಡಿದೆ, ಸಹಿಸಿಕೊಳ್ಳಿ.

ಫ್ರಾನ್ಸಿನ ಟುಲೂಸ್‌ನಲ್ಲಿರುವ ತಮ್ಮನ ಜೊತೆ ನಾನು ಆ ದಾರಿಯ ಉತ್ತರಾರ್ಧ ನಡೆದ ಕಥೆ ನಿಮಗೆ ಗೊತ್ತು. ಫೋಟೊ ಹಾಕಿ ಹಾಕಿ ನಿಮ್ಮ ತಲೆ ತಿಂದಿದ್ದೇನೆ. ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಕಾರ್ಸಿಕಾ ಮೆಡಿಟರೇನಿಯನ್ ಸಮುದ್ರದಲ್ಲಿರುವ ಫ್ರಾನ್ಸಿನ ದ್ವೀಪ. ಉತ್ತರದ ಕಲೆಂಜಾನಾದಿಂದ ದಕ್ಷಿಣದ ಕೊಂಕಾವರೆಗೆ ಆ ದ್ವೀಪದ ಬೆನ್ನೆಲುಬಿನ ಮೇಲೆ ಹಾಯುವ ದಾರಿ ಜಿಆರ್ 20. ಸುಮಾರು 180 ಕಿಲೋಮೀಟರ್. ಸಾಮಾನ್ಯವಾಗಿ 15–16 ದಿನದ ನಡಿಗೆ. ಹತ್ತುವ ಏರನ್ನೆಲ್ಲ ಕೂಡಿಸಿದರೆ ಹತ್ತು ಸಾವಿರ ಮೀಟರಿಗೂ ಮೇಲೆ. ‘180 ಭಾಗಿಸು 15, ದಿನಕ್ಕೆ 12 ಕಿಲೋಮೀಟರ್, ಅದೇನು ಮಹಾ’ ಎಂದು ಆ ಟೇಬಲಿನ ಒಬ್ಬರು ಬೆರಳು ಮಡಚಿ ಲೆಕ್ಕ ಹಾಕಿದರು. ಏಜೆಂಟ್ ತಲೆದೂಗಿದರು. ಬಂಡೆಯ ಮೇಲೆ ಹನ್ನೆರಡು ಕಿಲೋಮೀಟರ್ ಎಂದರೆ ಏಳೆಂಟು ಗಂಟೆ ಎಂದು ಯಾರೂ ಹೇಳಲಿಲ್ಲ.

ನಮ್ಮ ಕಡೆಯ ಅಳತೆಯಲ್ಲೇ ನೋಡೋಣ. ಕುಕ್ಕೆಯಿಂದ ಕುಮಾರಪರ್ವತದ ತುದಿಗೆ ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ಏರು. ಅದನ್ನು ಬಹಳ ಮಂದಿ ಎರಡು ದಿನಕ್ಕೆ ಹಂಚಿಕೊಳ್ಳುತ್ತಿದ್ದರು, ನಡುವೆ ಭಟ್ಟರ ಮನೆಯ ಅನ್ನ ಸಾಂಬಾರು ಮಜ್ಜಿಗೆ. ಇಳಿದು ಬಂದ ಮೇಲೆ ಮೆಟ್ಟಿಲನ್ನು ಅಡ್ಡಡ್ಡ ತಿರುಗಿ ಇಳಿಯುತ್ತೇವೆ, ಕಚೇರಿಗೆ ಒಂದು ದಿನ ಹೆಚ್ಚುವರಿ ರಜೆ ಹಾಕುತ್ತೇವೆ. ಜಿಆರ್ 20ರಲ್ಲಿ ಕಲೆಂಜಾನಾದಿಂದ ಮೊದಲ ರೆಫ್ಯೂಜಿಗೆ (ಹಟ್‌ಗೆ ಅಲ್ಲಿನ ಹೆಸರು ಅದು), ಮೊದಲ ದಿನವೇ, 1300 ಮೀಟರ್ ಆಸುಪಾಸಿನ ಏರು. ಮರುದಿನ ರಜೆ ಇಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು, ಅದೇ ಊದಿದ ಕಾಲನ್ನು ಅದೇ ಒದ್ದೆ ಶೂಗೆ ತುರುಕಿ, ಮತ್ತೆ ಏರಬೇಕು. ಅದರ ಮರುದಿನವೂ. ಮಧ್ಯಾಹ್ನ ಗುಡುಗು ಕಟ್ಟುವ ಮೊದಲೇ ಏಣು ದಾಟಿರಬೇಕಾದ್ದರಿಂದ ‘ಇನ್ನೊಂದರ್ಧ ಗಂಟೆ ಮಲಗುತ್ತೇನೆ’ ಎನ್ನುವ ಹಾಗೂ ಇಲ್ಲ.

ಇನ್ನು ಆ ಸುಪ್ರಸಿದ್ಧ ಹಾಸಿಗೆ. ರೆಫ್ಯೂಜ್ ಎಂದರೆ ಹೋಮ್‌ಸ್ಟೇ ಅಲ್ಲ. ಉದ್ದನೆಯ ಹಲಗೆಯ ಮೇಲೆ ಸಾಲು ಹಾಸಿಗೆ, ಎಡಕ್ಕೊಬ್ಬ ಜರ್ಮನ್, ಬಲಕ್ಕೊಬ್ಬ ಫ್ರೆಂಚ್, ಇಬ್ಬರದೂ ಗೊರಕೆ, ಜೊತೆಗೆ ತಿಗಣೆ. ತಿಗಣೆಗೆ ಹೆದರಿಯೇ ಎಷ್ಟೋ ಜನ ಹೊರಗೆ ಟೆಂಟಿನಲ್ಲಿ ಮಲಗುತ್ತಾರೆ. ಸ್ನಾನಕ್ಕೆ ಬಹುಪಾಲು ಕಡೆ ತಣ್ಣೀರು. ಊಟಕ್ಕೆ ಸೂಪು, ಪಾಸ್ತಾ, ಅದೃಷ್ಟವಿದ್ದರೆ ಬೇಳೆ. ಸಸ್ಯಾಹಾರಿ ಎಂದು ಮೊದಲೇ ಹೇಳದಿದ್ದರೆ ಬ್ರೆಡ್ಡು ಚೀಸೇ ಗತಿ. ನನಗೆ ಇದ್ಯಾವುದರ ಬಗ್ಗೆಯೂ ದೂರಿಲ್ಲ. ಹತ್ತು ಗಂಟೆ ಬಂಡೆ ಹತ್ತಿ ಬಂದವಳಿಗೆ ಆ ಪಾಸ್ತಾ ಹಬ್ಬದೂಟವೇ ಆಗಿತ್ತು. ದೂರು ಬೇರೆ ಇದೆ.

ಹಟ್ ಇದೆ ಎಂದ ಮಾತ್ರಕ್ಕೆ ದಾರಿ ಸುಲಭವಾಗುವುದಿಲ್ಲ ಎನ್ನುವುದು ಅರ್ಧ ಮಾತು. ಅನುಭವವಿಲ್ಲದವರಿಗೆ ಆ ಕಾಯ್ದಿರಿಸಿದ ಹಾಸಿಗೆಯೇ ಅಪಾಯ. ಬೆಳಿಗ್ಗೆ ಮೋಡ ಕಟ್ಟಿದೆ, ರೆಫ್ಯೂಜ್ ನೋಡಿಕೊಳ್ಳುವವನು ಬೇಡವೆಂದು ತಲೆಯಾಡಿಸುತ್ತಿದ್ದಾನೆ. ಆದರೆ ಇವತ್ತಿನ ರಾತ್ರಿಯ ಹಾಸಿಗೆ ಮುಂದಿನ ಹಟ್‌ನಲ್ಲಿದೆ, ಹಣ ಕಟ್ಟಿಯಾಗಿದೆ, ಹದಿನೇಳನೆಯ ದಿನಕ್ಕೆ ವಿಮಾನದ ಟಿಕೆಟ್ ಇದೆ, ಗುಂಪಿನ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದ್ದಾರೆ. ಪಳಗಿದವರಾದರೆ ಹಣ ಹೋದರೆ ಹೋಗಲಿ ಎಂದು ಕೂತುಬಿಡುತ್ತಾರೆ, ಇಲ್ಲವೇ ಕಣಿವೆಗೆ ಇಳಿಯುತ್ತಾರೆ. ಹೊಸಬರು ಹೊರಟುಬಿಡುತ್ತಾರೆ. ‘ಬುಕಿಂಗ್ ಇದೆಯಲ್ಲ!’

ಇದು ಕಟ್ಟುಕಥೆಯಲ್ಲ. 2015ರ ಜೂನ್ 10ರಂದು ಇದೇ ದಾರಿಯ ಸಿರ್ಕ್ ದ ಲಾ ಸೊಲಿತ್ಯೂಡ್ ಎಂಬ ಕಡಿದಾದ ಕೊರಕಲಿನಲ್ಲಿ ಭೂಕುಸಿತವಾಗಿ ಏಳು ಚಾರಣಿಗರು ಸತ್ತರು. ಸರಪಳಿ ಹಿಡಿದು ಇಳಿಯಬೇಕಿದ್ದ ಜಾಗ ಅದು. ಆಮೇಲೆ ಅಧಿಕೃತ ದಾರಿಯನ್ನೇ ತಿರುಗಿಸಿದರು. ಈಗ ಅದು 2706 ಮೀಟರಿನ ಮೊಂಟೆ ಚಿಂಟೊ ಶಿಖರದ ಮಗ್ಗುಲಲ್ಲಿ 2600 ಮೀಟರ್ ಎತ್ತರ ದಾಟಿ ಹೋಗುತ್ತದೆ. 2022ರ ಆಗಸ್ಟ್ 18ರ ಬೆಳಿಗ್ಗೆ ಕಾರ್ಸಿಕಾಕ್ಕೆ ಅಪ್ಪಳಿಸಿದ ಬಿರುಗಾಳಿಯ ವೇಗ ಒಂದು ಕಡೆ ಗಂಟೆಗೆ 225 ಕಿಲೋಮೀಟರ್ ದಾಖಲಾಯಿತು. ಟೆಂಟುಗಳಲ್ಲಿ ಮಲಗಿದ್ದವರ ಮೇಲೆ ಮರ ಬಿದ್ದವು. ನಮ್ಮ ಬಯಲುಸೀಮೆಯಲ್ಲಿ ಗಾಳಿಯೆಂದರೆ ಚಿತ್ರದುರ್ಗದ ಗುಡ್ಡದ ಮೇಲಿನ ವಿಂಡ್‌ಮಿಲ್ ತಿರುಗಿಸುವ ಗಾಳಿ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೊರಟರೆ ಹೇಗೆ?

ಕರಪತ್ರದಲ್ಲಿ ಸಮುದ್ರದ ಫೋಟೊ ಇತ್ತು. ಬಂಡೆಯ ಫೋಟೊ ಒಂದೂ ಇರಲಿಲ್ಲ.

ಬಂಡೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಅದು ನನ್ನ ತವರಿನ ವಿಷಯ. ಕರೊಜ್ಜು ಎಂಬ ರೆಫ್ಯೂಜಿನಿಂದ ಹೊರಟರೆ ಸ್ಪಸಿಮಾಟಾ ಹೊಳೆಗೆ ಒಂದು ತೂಗುಸೇತುವೆ ಇದೆ. ಅದನ್ನು ದಾಟಿದರೆ ಅಗಲವಾದ ನುಣುಪು ಹಾಸುಬಂಡೆಗಳು, ಕೆಲವೆಡೆ ಹಿಡಿದುಕೊಳ್ಳಲು ಉಕ್ಕಿನ ಹಗ್ಗ. ರಾತ್ರಿ ಮಳೆ ಬಂದು ನಿಂತಿತ್ತು. ನನ್ನ ಮುಂದಿದ್ದ ಹುಡುಗ ನೋಡಲು ಕಟ್ಟುಮಸ್ತಾಗಿದ್ದ, ಜಿಮ್‌ನಲ್ಲಿ ಬೆಳೆಸಿದ ತೋಳು. ಬಂಡೆಯ ಮಧ್ಯಕ್ಕೆ ಬಂದವನೇ ಸ್ತಬ್ಧನಾದ. ಮೈಯನ್ನು ಬಂಡೆಗೆ ಅವುಚಿಕೊಂಡ, ಹಿಮ್ಮಡಿ ಮೇಲೆದ್ದಿತು, ಶೂ ಅಂಚಿನ ಮೇಲೆ ನಿಂತಿತು, ಮೀನಖಂಡ ಗಡಗಡ ನಡುಗತೊಡಗಿತು. ಭಯವಾದಾಗ ಎಲ್ಲರೂ ಮಾಡುವುದು ಇದನ್ನೇ, ಜಾರಿಸುವುದೂ ಇದೇ. ಮೈ ಬಂಡೆಯಿಂದ ದೂರ ಇರಬೇಕು, ಭಾರ ನೇರ ಕೆಳಗೆ ಬೀಳಬೇಕು, ಅಂಗಾಲು ಪೂರ್ತಿ ಊರಬೇಕು. ಹಿಂದಿನಿಂದ ನನ್ನ ತಮ್ಮ ಫ್ರೆಂಚಿನಲ್ಲಿ ಸಮಾಧಾನವಾಗಿ ಅದನ್ನೇ ಹೇಳಿಕೊಟ್ಟು ದಾಟಿಸಿದ. ಹತ್ತು ಹೆಜ್ಜೆಯ ಜಾಗಕ್ಕೆ ಬಹಳ ಹೊತ್ತು ಹಿಡಿಯಿತು.

ಚಿತ್ರದುರ್ಗದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಕೋಟೆಯಲ್ಲಿ ತುಪ್ಪದ ಕೊಳದ ಬತೇರಿಗೆ ಹತ್ತುವ ಬಂಡೆಯಲ್ಲಿ ಬೆರಳುದ್ದದ ಕಚ್ಚುಗಳಿವೆ ನೋಡಿ, ಅಷ್ಟರಲ್ಲೇ ಕಾಲಿಟ್ಟು ಹೋಗಬೇಕು. ಅಲ್ಲಿ ಬೆಳೆದ ನಾವು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಇಳಿಯುತ್ತಿದ್ದೆವು. ಈಗಲೂ ಊರಿಗೆ ಹೋದಾಗ ಅಲ್ಲಿ ಕೂತು ನೋಡುತ್ತೇನೆ. ಪ್ರವಾಸಕ್ಕೆ ಬಂದ ಹುಡುಗರು ಕೂಗುತ್ತಾ ಹತ್ತುತ್ತಾರೆ. ಮೇಲೆ ಸೆಲ್ಫಿ. ಇಳಿಯುವಾಗ ಕೂಗು ನಿಲ್ಲುತ್ತದೆ, ಒಬ್ಬೊಬ್ಬರೇ ಕುಂಡೆಯೂರಿ ಜಾರುತ್ತಾ ಬರುತ್ತಾರೆ, ಒಬ್ಬನಾದರೂ ಪ್ಯಾಂಟ್ ಹರಿದುಕೊಳ್ಳುತ್ತಾನೆ. ಅಲ್ಲಿ ಕೆಳಗೆ ಸ್ನೇಹಿತರಿದ್ದಾರೆ, ಸೌತೆಕಾಯಿ ಮಾರುವವರಿದ್ದಾರೆ, ಪಟ್ಟಣ ಕಾಲಬುಡದಲ್ಲೇ ಇದೆ. ಕಾರ್ಸಿಕಾದ ಮೂರನೆಯ ದಿನದಲ್ಲಿ, ಬೆನ್ನಿನ ಮೇಲೆ ಹನ್ನೆರಡು ಕೆಜಿ ಹೊತ್ತು, ಮೊಬೈಲಿಗೆ ಸಿಗ್ನಲ್ಲೂ ಇಲ್ಲದ ಕಡೆ ಕುಂಡೆಯೂರಿ ಎಷ್ಟು ದೂರ ಜಾರುತ್ತೀರಿ?

ಏಜೆಂಟರ ಬಳಿ ಇನ್ನೊಂದು ಅಸ್ತ್ರವಿತ್ತು. “ಇದನ್ನು ಒಬ್ಬರು 31 ಗಂಟೆಯಲ್ಲೇ ಮುಗಿಸಿದ್ದಾರೆ ಸರ್, ನಿಮಗೆ ಹದಿನಾರು ದಿನ ಕೊಡುತ್ತಿದ್ದೇವೆ.” ನಿಜ. ಫ್ರಾನ್ಸ್ವಾ ದೆನ್ 2016ರಲ್ಲಿ 31 ಗಂಟೆ ಚಿಲ್ಲರೆಯಲ್ಲಿ ಓಡಿ ಮುಗಿಸಿದರು, 2021ರಲ್ಲಿ ಲಂಬೇರ್ ಸಾಂತೆಲ್ಲಿ ಇನ್ನೂ ಅರ್ಧ ಗಂಟೆಗೂ ಹೆಚ್ಚು ಇಳಿಸಿದರು. ಸಾಂತೆಲ್ಲಿ ಕಾರ್ಸಿಕಾದವರೇ. ನಮ್ಮ ಜ್ಯೋತಿರಾಜ್ ಹಗ್ಗವಿಲ್ಲದೆ ಕೋಟೆಯ ಗೋಡೆ ಹತ್ತುತ್ತಾರೆ. ಹಾಗೆಂದು ನಾಳೆಯಿಂದ ಕೋಟೆಯ ಬಾಗಿಲಲ್ಲಿ ಗೋಡೆ ಹತ್ತುವುದಕ್ಕೆ ಟಿಕೆಟ್ ಮಾರೋಣವೇ?

ತಡೆಯಲಾರದೆ ಎದ್ದು ಹೋಗಿ ಏಜೆಂಟರನ್ನು ಕೇಳಿದೆ, ನೀವು ಹೋಗಿದ್ದೀರಾ ಎಂದು. “ಇಲ್ಲ ಮೇಡಂ, ಅಲ್ಲಿ ನಮ್ಮ ಪಾರ್ಟ್‌ನರ್ ಇದ್ದಾರೆ.” ದಂಪತಿಗಳಲ್ಲಿ ಒಬ್ಬಾಕೆ ನನ್ನತ್ತ ತಿರುಗಿ, “ಅಕ್ಕಾ, ಎಲ್ಲರೂ ಎಲ್ಲಿಂದಾದರೂ ಶುರು ಮಾಡಬೇಕಲ್ಲವೇ? ನಿಮಗೂ ಒಂದು ಕಾಲಕ್ಕೆ ಅನುಭವ ಇರಲಿಲ್ಲ ಅಲ್ಲವೇ?” ಎಂದರು. ಒಳ್ಳೆಯ ಪ್ರಶ್ನೆಯೇ, ಮುಖದಲ್ಲಿ ಉತ್ಸಾಹವೂ ಇತ್ತು. ಶುರು ಮಾಡಬೇಕು ತಾಯಿ, ಖಂಡಿತ. ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದಿಂದ ಶುರು ಮಾಡಿ. ಕುದುರೆಮುಖಕ್ಕೆ ಹೋಗಿ, ಕುಮಾರಪರ್ವತಕ್ಕೆ ಹೋಗಿ. ಹಟ್‌ನಿಂದ ಹಟ್‌ಗೇ ನಡೆಯಬೇಕೆಂದರೆ ಡಾರ್ಜಿಲಿಂಗ್ ಕಡೆ 3636 ಮೀಟರಿನ ಸಂದಕ್‌ಫು ಇದೆ, ವೀಸಾ ಬೇಡ, ರಾತ್ರಿಗೆ ಅನ್ನವೇ ಸಿಗುತ್ತದೆ. ಯುರೋಪೇ ಆಗಬೇಕೆಂದರೆ ಮೋಂ ಬ್ಲಾಂ ಸುತ್ತುವ ದಾರಿ ಇದೆ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರೂ ದೇಶ ಸುತ್ತಿಸುತ್ತದೆ, ಸುಮಾರು 170 ಕಿಲೋಮೀಟರ್, ಏರೇನೂ ಕಡಿಮೆಯಲ್ಲ, ಆದರೆ ಬಹುಪಾಲು ಕಾಲುದಾರಿ, ಕೈಯೂರಿ ಹತ್ತುವ ಬಂಡೆ ಕಡಿಮೆ. ಇಷ್ಟೆಲ್ಲ ಇರುವಾಗ ಒಂದನೇ ತರಗತಿಯ ಪ್ರವೇಶಕ್ಕೆ ಬಂದವರನ್ನು ನೇರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಿ, ‘ಎಲ್ಲಿಂದಾದರೂ ಶುರು ಮಾಡಬೇಕಲ್ಲ’ ಎಂದರೆ ಏನು ಹೇಳುವುದು?

ಇದನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಏಜೆಂಟ್ ನಗುತ್ತಲೇ ಇದ್ದರು. “ಮೇಡಂಗೆ ಸ್ವಲ್ಪ ಭಯ ಜಾಸ್ತಿ” ಎಂದರು.

ಭಯ ಇದೆ. ಇನ್ನೊಂದೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚು. ಉತ್ತರಾರ್ಧ ಮುಗಿಯುವ ವಿಜ್ಜಾವೊನಾದಲ್ಲಿ ಒಂದು ಪುಟ್ಟ ರೈಲು ನಿಲ್ದಾಣವಿದೆ. ನನ್ನ ಬಲ ಮೊಣಕಾಲು ತೆಂಗಿನಕಾಯಿ ಗಾತ್ರಕ್ಕೆ ಊದಿತ್ತು. ತಮ್ಮ ಸುಮ್ಮನೆ ಅಜಾಕ್ಸಿಯೊಗೆ ಎರಡು ಟಿಕೆಟ್ ತಂದ. ದಕ್ಷಿಣಾರ್ಧಕ್ಕೂ ಹಾಸಿಗೆ ಕಾಯ್ದಿರಿಸಿತ್ತು, ಆ ಹಣ ಅಷ್ಟೂ ಹೋಯಿತು. ರೈಲಿನ ಕಿಟಕಿಯಲ್ಲಿ ಮುಖ ಆ ಕಡೆ ಮಾಡಿಕೊಂಡು ಅತ್ತಿದ್ದೇನೆ, ತಮ್ಮ ನೋಡದವನಂತೆ ಇದ್ದ. ಈಗ ಬ್ಯಾಂಕಿನಲ್ಲಿ ನನಗೆ ಅಷ್ಟು ದಿನ ಒಟ್ಟಿಗೆ ರಜೆ ಕೊಡುವವರಿಲ್ಲ, ಮೊಣಕಾಲೂ ಮೊದಲಿನಂತಿಲ್ಲ. ಹೀಗಿರುವಾಗ ಪಕ್ಕದ ಟೇಬಲಿನಲ್ಲಿ ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಿದವರು ಕೊಂಕಾವರೆಗಿನ ಪೂರ್ತಿ ದಾರಿಗೆ ಮುಂಗಡ ಕೊಡುವುದನ್ನು ನೋಡಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಉರಿಯುತ್ತದೆ. ಉರಿದ ಮಾತ್ರಕ್ಕೆ ನಾನು ಹೇಳಿದ್ದು ಸುಳ್ಳಾಗುವುದಿಲ್ಲ.

ಆ ಅರ್ಜಿಯಲ್ಲಿ ಅನುಭವಕ್ಕೆ ಒಂದೇ ಒಂದು ಸಾಲು ಜಾಗವಿತ್ತು. ಊಟದ ಆಯ್ಕೆಗೆ ಅರ್ಧ ಪುಟ: ಜೈನ್ ಊಟ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು, ಮೊಸರು ಬೇಕೇ ಬೇಡವೇ. ಮೂರು ದಿನ ಸತತವಾಗಿ ಭಾರ ಹೊತ್ತು ನಡೆದಿದ್ದೀರಾ? ಕೈಯೂರಿ ಬಂಡೆ ಇಳಿದಿದ್ದೀರಾ? ಮಂಜಿನಲ್ಲಿ ದಾರಿ ತೋರುವ ಕೆಂಪು ಬಿಳಿ ಗುರುತು ತಪ್ಪಿದರೆ ಏನು ಮಾಡುತ್ತೀರಿ? ಯಾವತ್ತಾದರೂ ಅರ್ಧದಲ್ಲಿ ಹಿಂದಿರುಗಿದ್ದೀರಾ? ಹೆಲಿಕಾಪ್ಟರ್ ರಕ್ಷಣೆಗೂ ಅನ್ವಯವಾಗುವ ವಿಮೆ ಇದೆಯೇ? ಒಂದನ್ನೂ ಕೇಳಿಲ್ಲ. ಮೊಸರಿನ ಬಗ್ಗೆ ಮಾತ್ರ ಬಹಳ ಕಾಳಜಿ.

ನಾನು ಬರೆದದ್ದನ್ನು ಓದಿ ‘ಹಾಗಾದರೆ ತಯಾರಿ ಹೇಗೆ’ ಎಂದು ಕೇಳುವವರು ಇದ್ದೇ ಇರುತ್ತೀರಿ. ಭಾನುವಾರ ಬೆಳಿಗ್ಗೆ ಅರಣ್ಯ ಇಲಾಖೆಯ ಗೇಟು ತೆರೆಯುವ ಹೊತ್ತಿಗೆ ಚಿತ್ರದುರ್ಗದ ಆಡುಮಲ್ಲೇಶ್ವರದ ಬಳಿ ಇರುತ್ತೇನೆ. ಬೆನ್ನ ಚೀಲದಲ್ಲಿ ಹತ್ತು ಕೆಜಿ ಅಕ್ಕಿ ಹಾಕಿಕೊಂಡು ಬನ್ನಿ, ಜೋಗಿಮಟ್ಟಿಗೆ ಹೋಗಿ ಬರೋಣ. ಸೋಮವಾರವೂ ಬರಬೇಕು, ಮಂಗಳವಾರವೂ ಬರಬೇಕು, ಅದೇ ಅಕ್ಕಿ ಹೊತ್ತು. ಮೂರು ದಿನ ರಜೆ ಸಿಗುವುದಿಲ್ಲ ಎನ್ನುವವರು ಕಾರ್ಸಿಕಾಕ್ಕೆ ಹದಿನಾರು ದಿನ ಹೇಗೆ ಹೊಂದಿಸಿದಿರೆಂದು ನನಗೂ ಸ್ವಲ್ಪ ಹೇಳಿಕೊಡಿ, ನಮ್ಮ ಮ್ಯಾನೇಜರರ ಮುಂದೆ ಅದನ್ನೇ ಹೇಳುತ್ತೇನೆ.