ಪಿನ್ ಕೂತರೆ ಸಾಕಾ?

ನಿನ್ನೆ ರಾತ್ರಿ ಜರ್ಮನಿಯ ಈ ಹೋಟೆಲಿನಲ್ಲಿ ಪಕ್ಕದ ರೂಮಿನ ಹುಡುಗಿ ಹೆದರಿ ಹೊರಗೆ ಓಡಿಬಂದಳು. ಕೈಯಲ್ಲಿ ಹೇರ್ ಡ್ರೈಯರ್, ಸುಟ್ಟ ಪ್ಲಾಸ್ಟಿಕ್ ವಾಸನೆ. ಅಮೆರಿಕದಿಂದ ತಂದಿದ್ದಂತೆ. "ಅಡಾಪ್ಟರ್ ಹಾಕಿದ್ದೆನಲ್ಲಾ" ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು.

ನನಗೆ ಸಿಟ್ಟು ಬಂದಿದ್ದು ಅವಳ ಮೇಲಲ್ಲ, ಆ ಅಡಾಪ್ಟರಿನ ಡಬ್ಬಿಯ ಮೇಲೆ. "ಎಲ್ಲಾ ದೇಶಗಳಿಗೂ" ಅಂತ ದಪ್ಪ ಅಕ್ಷರ. ವೋಲ್ಟೇಜ್ ಬದಲಾಗುವುದಿಲ್ಲ ಅನ್ನುವ ಮಾತು ಹಿಂಬದಿಯಲ್ಲಿ, ಸಾಸಿವೆ ಕಾಳಿನಷ್ಟು.

ಅಡಾಪ್ಟರ್ ಬದಲಿಸುವುದು ಪಿನ್ನಿನ ಆಕಾರ ಮಾತ್ರ. ಅಮೆರಿಕದಲ್ಲಿ 120 ವೋಲ್ಟ್, ಇಲ್ಲಿ 230. ವೋಲ್ಟೇಜ್ ಎರಡು ಪಟ್ಟಾದರೆ ಅದೇ ಕಾಯಿಲ್‌ನಲ್ಲಿ ಶಾಖ ನಾಲ್ಕು ಪಟ್ಟು. ಡ್ರೈಯರ್ ಹೇಗೆ ತಡೆಯಬೇಕು? ವೋಲ್ಟೇಜ್ ಇಳಿಸಲು ಡ್ರೈಯರಿನಷ್ಟು ವ್ಯಾಟ್ ತಡೆಯುವ ಟ್ರಾನ್ಸ್‌ಫಾರ್ಮರ್ ಹೊರೋಣ ಅಂದರೆ ಅದೇ ಕಿಲೋಗಟ್ಟಲೆ ತೂಕ.

ಪಿನ್ ನಂಬುವ ಹಾಗೇ ಇಲ್ಲ. ಬ್ರೆಜಿಲ್‌ನಲ್ಲಿ ಕೆಲವು ಊರಿಗೆ 127 ವೋಲ್ಟ್, ಕೆಲವು ಊರಿಗೆ 220. ಸಾಕೆಟ್ ಮಾತ್ರ ಒಂದೇ ಥರ! ಜಪಾನಿನ ಚಪ್ಪಟೆ ಪಿನ್ ಅಮೆರಿಕದ್ದರ ಹಾಗೇ ಇದೆ, ವೋಲ್ಟೇಜ್ 100. ಸುಲಭವಾಗಿ ಒಳಗೆ ಹೋಯಿತು ಅಂದಮಾತ್ರಕ್ಕೆ ಹೊಂದಿತು ಅಂತಲ್ಲ.

"ಈಗೆಲ್ಲಾ 100ರಿಂದ 240ರವರೆಗೆ ನಡೆಯುತ್ತದೆ, ಸುಮ್ನೆ ಹೆದರಿಸಬೇಡಿ" ಅಂತ ಯಾರಾದರೂ ಬರೆಯುತ್ತೀರಿ, ಗೊತ್ತು. ಫೋನು, ಲ್ಯಾಪ್‌ಟಾಪ್ ಚಾರ್ಜರ್‌ಗಳಲ್ಲಿ ಹೌದು. ಆದರೆ ತಪ್ಪು ಧೈರ್ಯ ಕೊಡುವುದೇ ಅವು. ಫೋನಿಗೆ ಏನೂ ಆಗಲಿಲ್ಲ, ಡ್ರೈಯರಿಗೂ ಏನೂ ಆಗಲಿಕ್ಕಿಲ್ಲ ಅನ್ನಿಸಿಬಿಡುತ್ತದೆ. ಬಿಸಿ ಮಾಡುವ ವಸ್ತುಗಳದ್ದು ಬೇರೆಯೇ ಕಥೆ. ಕೆಟಲ್, ಇಸ್ತ್ರಿ ಪೆಟ್ಟಿಗೆ, ಹೇರ್ ಸ್ಟ್ರೇಟ್ನರ್, ಯಾವುದೇ ಇರಲಿ, ಅದರ ಮೈಮೇಲಿನ ಚೀಟಿ ಓದಲೇಬೇಕು. ಬರೀ 120 ಅಂತಿದ್ದರೆ 230ರ ಗೋಡೆಗೆ ಹಾಕಲೇಬಾರದು.

ಇಷ್ಟು ಯಾಕೆ ಕಾಡುತ್ತಿದೆ ಅಂದರೆ, ಇದೇ ತಪ್ಪು ನಾನೂ ಮಾಡಿದ್ದೇನೆ. ಅಮ್ಮನ ಮೊಣಕಾಲು ನೋವಿಗೆ ಅಂತ ಅಮೆರಿಕದಿಂದ ಬಿಸಿ ಪ್ಯಾಡ್ ತಂದಿದ್ದೆ. ಅಡಾಪ್ಟರ್ ಸಿಕ್ಕಿಸಿ ನಾನೇ ಸ್ವಿಚ್ ಹಾಕಿದೆ. ಐದೇ ನಿಮಿಷಕ್ಕೆ ಹೊಗೆ. ಅಮ್ಮ ಕಾಲು ಎಳೆದುಕೊಂಡಿದ್ದು ಇನ್ನೂ ಕಣ್ಣ ಮುಂದಿದೆ. ಅವತ್ತು "ಮಾಲೇ ಸರಿಯಿಲ್ಲಮ್ಮಾ" ಅಂದುಬಿಟ್ಟೆ. "ಹೋಗಲಿ ಬಿಡು, ನಿನ್ನ ದುಡ್ಡು ದಂಡ ಆಯ್ತಲ್ಲಾ" ಅಂತ ಅವಳೇ ನನ್ನನ್ನು ಸಮಾಧಾನ ಮಾಡಿದಳು.

ನಿನ್ನೆ ಆ ಹುಡುಗಿ ರೂಮಿಗೆ ಹೋದ ಮೇಲೆ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದ ತಕ್ಷಣ ಅಮ್ಮನಿಗೆ ಫೋನ್ ಮಾಡಿ ನಿಜ ಹೇಳಿದೆ.