ಮೂವತ್ತಾರು ಗಂಟೆಗಳ ಜೊತೆಗೆ ಒಂದು ಹಂಗಾಮನ್ನೂ ಕೊಡಿ

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹ್ಯಾಕಥಾನ್‌ಗಳು ಮತ್ತೆ ಶುರುವಾಗಿವೆ. ತಂಡಗಳು ಮೂವತ್ತಾರು ಗಂಟೆ ಒಂದೇ ಸಮನೆ ಕುಳಿತು ಒಂದು ಸಾಧನವನ್ನೋ ಆ್ಯಪನ್ನೋ ಕಟ್ಟಿ ತೋರಿಸುವ ಸ್ಪರ್ಧೆ ಇದು. ಗದಗ, ಹಾವೇರಿಯಿಂದಲೂ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಬರುತ್ತಾರೆ. ಪೋಸ್ಟರಿನ ಮೇಲೆ ಸುಸ್ಥಿರ ಅಭಿವೃದ್ಧಿ ಎಂಬ ತಲೆಬರಹ, ಕೆಳಗೆ ವಿಶ್ವಸಂಸ್ಥೆಯ 17 ಗುರಿಗಳ ಬಣ್ಣದ ಚೌಕಗಳು, ಮೂಲೆಯಲ್ಲಿ ಬಹುಮಾನದ ಮೊತ್ತ. ನಾನು ಎಲೆಕ್ಟ್ರಾನಿಕ್ಸ್ ಕಲಿಸುವವಳು. ಇಂಥ ಸ್ಪರ್ಧೆಗಳಲ್ಲಿ ಮಾರ್ಗದರ್ಶಕಿಯಾಗಿಯೂ ತೀರ್ಪುಗಾರಳಾಗಿಯೂ ಕುಳಿತಿದ್ದೇನೆ. ಹುಟ್ಟಿದ್ದು ನವಲಗುಂದ ತಾಲ್ಲೂಕಿನ ಒಕ್ಕಲು ಮನೆಯಲ್ಲಿ. ಈ ಎರಡೂ ಕಡೆಯ ಅನುಭವ ಇಟ್ಟುಕೊಂಡು ಸಂಘಟಕರ ಮುಂದೆ ಒಂದು ಬೇಡಿಕೆ ಇಡುತ್ತಿದ್ದೇನೆ: ಗೆದ್ದ ತಂಡಕ್ಕೆ ಚೆಕ್ ಕೊಟ್ಟು ಕಳುಹಿಸಿಬಿಡಬೇಡಿ, ಒಂದು ಹಂಗಾಮು ಕೊಡಿ. ಬಹುಮಾನದ ಅರ್ಧವನ್ನು ತಡೆಹಿಡಿಯಿರಿ. ಆ ಸಾಧನ ಯಾರಿಗಾಗಿ ಎಂದು ಹೇಳಿದ್ದರೋ ಅವರ ಕೈಯಲ್ಲಿ ಅದು ಒಂದು ಹಂಗಾಮು ಬಾಳಲಿ. ಆಮೇಲೆ ಅವರ ಮಾತು ಕೇಳಿ ಉಳಿದ ಅರ್ಧ ಕೊಡಿ.

ಏಕೆ ಎಂಬುದನ್ನು ವಿವರಿಸುತ್ತೇನೆ.

ಪ್ರತಿ ಹ್ಯಾಕಥಾನ್‌ನಲ್ಲಿ ಕಾಣುವ ಒಂದು ಯೋಜನೆ ಇದೆ. ಮಣ್ಣಿನಲ್ಲಿ ತೇವಾಂಶದ ಸೆನ್ಸರ್ ಊರುವುದು, ಮಣ್ಣು ಒಣಗಿದಾಗ ಪಂಪ್‌ಸೆಟ್ ತಾನಾಗಿಯೇ ಚಾಲೂ ಆಗುವುದು. ಮೇಜಿನ ಮೇಲೆ ಕುಂಡ, ಕುಂಡದಲ್ಲಿ ಕೆಂಪು ಮಣ್ಣು, ಪಕ್ಕದಲ್ಲಿ ಪುಟ್ಟ ಮೋಟಾರು. ಪ್ರದರ್ಶನ ಚೆನ್ನಾಗಿ ನಡೆಯುತ್ತದೆ. ಈಗ ಅದನ್ನೇ ನವಲಗುಂದ, ನರಗುಂದ, ರೋಣದ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಒಯ್ಯೋಣ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ, ಬೇಸಿಗೆಯಲ್ಲಿ ಬಿರುಕಿನೊಳಗೆ ಕೈ ಇಳಿಯುತ್ತದೆ. ಮಣ್ಣು ಕುಗ್ಗಿದಾಗ ಸೆನ್ಸರಿನ ಸುತ್ತ ಗಾಳಿಯ ಸಂದು ಉಳಿಯುತ್ತದೆ. ಕೆಳಗೆ ಹಸಿ ಇದ್ದರೂ ಅದು ಪೂರ್ತಿ ಒಣಗಿದೆ ಎಂದೇ ಹೇಳುತ್ತದೆ. ಅಗ್ಗದ ಎರಡು ಕಡ್ಡಿಯ ಸೆನ್ಸರ್ ಆದರಂತೂ ವಿದ್ಯುತ್ ಹರಿದು ಹರಿದು ಅದರ ಲೋಹವೇ ಸವೆದುಹೋಗುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಎರೆಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮಸಾರಿ ಎನ್ನುವ ಕೆಂಪು ಮಣ್ಣಿನಲ್ಲಿ ಬೆಳೆಗೆ ಸಾಕಾಗುವಷ್ಟೇ ಶೇಕಡಾ ತೇವ ಎರೆಯಲ್ಲಿದ್ದರೆ ಬೇರಿಗೆ ಅದು ಎಟುಕದೇ ಇರಬಹುದು. ಕೆಂಪು ಮಣ್ಣಿನ ಕುಂಡದಲ್ಲಿ ಹೊಂದಿಸಿದ ಅಂಕಿ ಇಲ್ಲಿ ನಡೆಯುವುದಿಲ್ಲ.

ಇವೆಲ್ಲ ಸರಿಪಡಿಸಬಹುದಾದ ತಾಂತ್ರಿಕ ತೊಡಕುಗಳು. ದೊಡ್ಡ ತೊಡಕು ಪ್ರಶ್ನೆಯಲ್ಲೇ ಇದೆ. ನಮ್ಮ ಭಾಗದ ಎರೆ ಹೊಲಗಳ ಹಿಂಗಾರಿ ಕಡಲೆ, ಬಿಳಿಜೋಳ, ಕುಸುಬೆ ಬಹುಪಾಲು ಪಂಪಿನ ನೀರು ಕಾಣುವುದೇ ಇಲ್ಲ. ಮಳೆಗಾಲದಲ್ಲಿ ಮಣ್ಣು ಹಿಡಿದಿಟ್ಟುಕೊಂಡ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯಲ್ಲಿ ಅವು ಬೆಳೆಯುತ್ತವೆ. ಪಂಪ್ ಇಲ್ಲದ ಹೊಲಕ್ಕೆ ಪಂಪ್ ಚಾಲೂ ಮಾಡುವ ಯಂತ್ರ ಏಕೆ? ಊರಿನಲ್ಲಿ ಹೊಲ ನೋಡಿಕೊಳ್ಳುವ ನನ್ನ ಅಣ್ಣನಿಗೆ ಬೇಕಾಗಿರುವುದು ಬೇರೆಯೇ ವಿಷಯ: ಹಸಿ ಎಷ್ಟು ಆಳಕ್ಕೆ ಇಳಿದಿದೆ, ಇವತ್ತು ಬಿತ್ತಿದರೆ ಬೀಜ ಹುಟ್ಟಿ ನಿಲ್ಲುತ್ತದೆಯೇ, ನಾಲ್ಕು ದಿನ ತಡೆದರೆ ಹದ ತಪ್ಪುತ್ತದೆಯೇ. ಇದಕ್ಕೂ ಅದೇ ಸೆನ್ಸರ್ ಸಾಕು, ಆದರೆ ಮೂರು ಆಳಗಳಲ್ಲಿ ಬೇಕು, ಮೋಟಾರು ಬೇಡ. ಈ ಮಾತು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಗೊತ್ತಾಗಿದ್ದರೆ ಅವರ ಇಡೀ ರಾತ್ರಿಯ ದುಡಿಮೆ ಬೇರೆ ದಾರಿ ಹಿಡಿಯುತ್ತಿತ್ತು.

ಇನ್ನು ನೀರಾವರಿ ಇರುವ ಕಡೆ. ಅಲ್ಲಿ ಮೊಬೈಲಿನಿಂದ ಚಾಲೂ ಆಗುವ ಸ್ಟಾರ್ಟರ್ ಪೇಟೆಯಲ್ಲೇ ಸಿಗುತ್ತದೆ, ರೈತರು ಹಾಕಿಸಿಕೊಂಡೂ ಇದ್ದಾರೆ. ಪಂಪ್‌ಸೆಟ್‌ಗೆ ಮೂರು ಫೇಸ್ ವಿದ್ಯುತ್ ಕೊಡುವುದು ದಿನಕ್ಕೆ 7 ಗಂಟೆ, ಅದೂ ಪಾಳಿಯ ಮೇಲೆ. ಮಣ್ಣು ಒಣಗಿದೆ ಎಂದು ಸೆನ್ಸರ್ ಕೂಗಿಕೊಂಡ ಹೊತ್ತಿನಲ್ಲಿ ವಿದ್ಯುತ್ ಇರಬೇಕಲ್ಲ.

ಬೆಳೆ ರೋಗ ಗುರುತಿಸುವ ಆ್ಯಪ್‌ಗಳದ್ದೂ ಇದೇ ಕಥೆ, ಅಲ್ಲಿ ಅಪಾಯ ಇನ್ನೂ ಹೆಚ್ಚು. ಎಲೆಯ ಫೋಟೋ ತೆಗೆದರೆ ರೋಗದ ಹೆಸರು ಹೇಳುವ ಈ ಯೋಜನೆಗಳಲ್ಲಿ ಬಹಳಷ್ಟು ಪ್ಲಾಂಟ್‌ವಿಲೇಜ್ ಎಂಬ ಮುಕ್ತ ಚಿತ್ರಸಂಗ್ರಹವನ್ನು ನೆಚ್ಚಿಕೊಂಡಿರುತ್ತವೆ. ಅದರಲ್ಲಿ 54 ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ, 14 ಬೆಳೆಗಳಿವೆ. ಸೇಬು, ಸ್ಟ್ರಾಬೆರಿ, ಬ್ಲೂಬೆರಿ, ಪೀಚ್ ಇವೆ. ಹತ್ತಿ ಇಲ್ಲ, ಈರುಳ್ಳಿ ಇಲ್ಲ, ಹೆಸರುಕಾಳು ಇಲ್ಲ, ಕಡಲೆ ಇಲ್ಲ. ಮೆಣಸಿನಕಾಯಿ ಎಂದರೆ ಅಲ್ಲಿರುವುದು ದೊಣ್ಣೆ ಮೆಣಸಿನಕಾಯಿ. ಚಿತ್ರಗಳೋ, ಒಂದೇ ಎಲೆಯನ್ನು ಕಿತ್ತು ಸಮನಾದ ಹಿನ್ನೆಲೆಯ ಮೇಲಿಟ್ಟು ತೆಗೆದವು. ಈ ಸಂಗ್ರಹದ ಮೇಲೆ 2016ರಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಬಂಧದಲ್ಲಿ ಅದೇ ಸಂಗ್ರಹದ ಚಿತ್ರಗಳಿಗೆ ನಿಖರತೆ ಶೇ 99ಕ್ಕಿಂತ ಹೆಚ್ಚು ಬಂದಿತ್ತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಅದು ಶೇ 31ರ ಆಸುಪಾಸಿಗೆ ಇಳಿಯಿತು. ಪ್ರಬಂಧ ಬರೆದವರೇ ಎರಡೂ ಅಂಕಿಗಳನ್ನು ಪ್ರಾಮಾಣಿಕವಾಗಿ ಕೊಟ್ಟಿದ್ದಾರೆ. ನಮ್ಮ ವೇದಿಕೆಗಳ ಮೇಲೆ ಕೇಳಿಬರುವುದು ಮೊದಲನೆಯದು ಮಾತ್ರ.

ಹಾವೇರಿಯ ಮೆಣಸಿನಕಾಯಿ ಬೆಳೆಗಾರರನ್ನು ಕೇಳಿ ನೋಡಿ. ಅವರನ್ನು ಕಾಡುವ ಮುಟುರು ರೋಗದಲ್ಲಿ ಎಲೆ ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್ ಎಂಬ ಕೀಟ, ಕೆಳಮುಖವಾಗಿ ಮುದುಡಿದರೆ ಮೈಟ್ ನುಸಿ. ಎರಡಕ್ಕೂ ಔಷಧ ಬೇರೆ. ತಪ್ಪು ಉತ್ತರ ಕೊಟ್ಟ ಆ್ಯಪ್‌ನಿಂದ ವಿದ್ಯಾರ್ಥಿಗೆ ಒಂದೆರಡು ಅಂಕ ಹೋಗಬಹುದು, ರೈತನಿಗೆ ಒಂದು ಸಿಂಪರಣೆಯ ಖರ್ಚೂ ಬೆಳೆಯೂ ಹೋಗುತ್ತದೆ. ಧಾರವಾಡದಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಕೀಟ ಶಾಸ್ತ್ರಜ್ಞರ ಜೊತೆ ಒಂದು ಮಧ್ಯಾಹ್ನ ಕುಳಿತು, ಬ್ಯಾಡಗಿ ಕಡ್ಡಿ, ಡಬ್ಬಿ ತಳಿಗಳ ಎಲೆಗಳನ್ನು ಹೊಲದ ಬೆಳಕಿನಲ್ಲೇ ಚಿತ್ರಿಸಿ ಸಂಗ್ರಹ ಕಟ್ಟುವ ತಂಡಕ್ಕೆ, ಆ್ಯಪ್ ಸಿದ್ಧವಾಗದಿದ್ದರೂ ನಾನು ಮೊದಲ ಬಹುಮಾನ ಕೊಡುತ್ತೇನೆ. ಇಂದು ನಮ್ಮ ಬೆಳೆಗಳಿಗೆ ಕೊರತೆ ಇರುವುದು ಅಂಥ ಚಿತ್ರಗಳದ್ದು.

ಹುಬ್ಬಳ್ಳಿಯ ನೀರಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ವಿದ್ಯಾರ್ಥಿಗಳ ಒಂದು ಆಲೋಚನೆ ಇಲ್ಲಿ ನಿಜಕ್ಕೂ ಬೀದಿಗಿಳಿದು ಪರೀಕ್ಷೆ ಎದುರಿಸಿದೆ. ಅವಳಿ ನಗರದ ಕೆಲವು ವಲಯಗಳಿಗೆ 2008ರ ಹೊತ್ತಿಗೆ ನಿರಂತರ ನೀರು ಬಂತು. ಉಳಿದ ಬಡಾವಣೆಗಳಲ್ಲಿ ನಲ್ಲಿ ಯಾವಾಗ ಬರುತ್ತದೆಂದು ಕಾಯುವುದೇ ಒಂದು ಉದ್ಯೋಗ, ಕಾಯುವವರು ಹೆಣ್ಣುಮಕ್ಕಳು. ಅಮೆರಿಕದ ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳ ಯೋಜನೆಯಾಗಿ ಹುಟ್ಟಿದ ನೆಕ್ಸ್ಟ್‌ಡ್ರಾಪ್ ಸುಮಾರು 2011ರಲ್ಲಿ ಇದೇ ಹುಬ್ಬಳ್ಳಿಯಲ್ಲಿ ಕೆಲಸ ಆರಂಭಿಸಿತು. ಬಡಾವಣೆಗೆ ನೀರು ಬಿಡುವ ನೌಕರ, ಅಂದರೆ ವಾಲ್ವ್‌ಮನ್, ವಾಲ್ವ್ ತಿರುಗಿಸುವಾಗ ಒಂದು ಫೋನ್ ಮಾಡುವುದು, ಆ ಪ್ರದೇಶದ ಮನೆಗಳಿಗೆ ನೀರು ಬರುವ ಮುಂಚೆಯೇ ಎಸ್‌ಎಂಎಸ್ ತಲುಪುವುದು. ದುಬಾರಿ ಸೆನ್ಸರ್ ಇಲ್ಲ, ಇರುವ ಮನುಷ್ಯನನ್ನೇ ನಂಬಿದ ಯೋಜನೆ. ನನಗೆ ಈಗಲೂ ಅದು ಸುಂದರವಾದ ಆಲೋಚನೆ ಎನಿಸುತ್ತದೆ.

ಬಳಿಕ ಅದು ಬೆಂಗಳೂರಿಗೆ ಹೋಯಿತು. ಅಲ್ಲಿನ ಅನುಭವವನ್ನು ಪರಿಶೀಲಿಸಿದ ಸಂಶೋಧಕರು 2018ರಲ್ಲಿ ಬರೆದದ್ದನ್ನು ಪ್ರತಿ ಹ್ಯಾಕಥಾನ್ ತಂಡವೂ ಓದಬೇಕು. ವಾಲ್ವ್‌ಮನ್‌ಗಳಿಂದ ವರದಿ ನಿಯಮಿತವಾಗಿ ಬರಲಿಲ್ಲ. ಬಂದ ಸಂದೇಶವೂ ಎಷ್ಟೋ ಮನೆಗಳಿಗೆ ಸರಿಯಾಗಿ ತಲುಪಲಿಲ್ಲ. ಹತ್ತಾರು ವಾಲ್ವ್ ತಿರುಗಿಸುತ್ತಾ, ಜನರ ಬೈಗುಳ ಕೇಳುತ್ತಾ ಓಡಾಡುವ ನೌಕರನಿಗೆ ಆ ಹೆಚ್ಚುವರಿ ಫೋನಿನಿಂದ ಏನು ಲಾಭ ಎಂಬ ಪ್ರಶ್ನೆಯ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ಇಂಥ ಸತ್ಯ ಸಭಾಂಗಣದಲ್ಲಿ ಹೊರಬೀಳುವುದಿಲ್ಲ, ತಿಂಗಳುಗಟ್ಟಲೆ ಬೀದಿಯಲ್ಲಿದ್ದಾಗ ಮಾತ್ರ ಹೊರಬೀಳುತ್ತದೆ. ಆದ್ದರಿಂದಲೇ ನೀರಿನ ಯೋಜನೆಗಳಿಗೆ ತೀರ್ಪು ಕೊಡುವ ಕುರ್ಚಿಗಳಲ್ಲಿ ಒಂದು ವಾಲ್ವ್‌ಮನ್‌ಗೆ ಸಿಗಬೇಕು ಎನ್ನುತ್ತೇನೆ. ಹಳ್ಳಿಯ ಯೋಜನೆಯಾದರೆ ಅಲ್ಲಿ ನೀರು ಬಿಡುವ ನೀರುಗಂಟಿಗೆ, ಕಸದ ಯೋಜನೆಯಾದರೆ ಪೌರಕಾರ್ಮಿಕರಿಗೆ. ಅವರ ಆ ದಿನದ ಕೂಲಿಯನ್ನೂ ಗೌರವಧನವನ್ನೂ ಕೊಟ್ಟು, ಅತಿಥಿಗಳ ಸಾಲಿನಲ್ಲೇ ಕೂರಿಸಿ. 2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು ಒಪ್ಪಿದ 17 ಗುರಿಗಳ ಒಳಗೆ 169 ಉಪಗುರಿಗಳಿವೆ. ಆರನೆಯ ಗುರಿಯ ಕೊನೆಯ ಉಪಗುರಿ ಹೇಳುವುದೇ ಇದನ್ನು: ನೀರು ಮತ್ತು ನೈರ್ಮಲ್ಯದ ನಿರ್ವಹಣೆಯಲ್ಲಿ ಸ್ಥಳೀಯ ಸಮುದಾಯಗಳು ಪಾಲ್ಗೊಳ್ಳಬೇಕು. ಚೌಕ ಅಂಟಿಸುವ ಮುನ್ನ ಚೌಕದೊಳಗೆ ಏನು ಬರೆದಿದೆ ಎಂದು ಓದೋಣ.

ತೀರ್ಪುಗಾರರು ಬದಲಾದರೆ ಭಾಷೆಯೂ ಬದಲಾಗಬೇಕಾಗುತ್ತದೆ, ಅದು ಒಳ್ಳೆಯದೇ. ರೋಣದ ಕಡೆಯಿಂದ ಬಂದ ಹುಡುಗಿ ತನ್ನ ಸರ್ಕ್ಯೂಟನ್ನು ಗೆಳತಿಗೆ ಕನ್ನಡದಲ್ಲಿ ಬಿಡಿಸಿ ಹೇಳುವುದನ್ನು ಕೇಳಿದ್ದೇನೆ, ಮೈಕ್ ಕೈಗೆ ಬಂದೊಡನೆ ಅವಳು ಇಂಗ್ಲಿಷಿನಲ್ಲಿ ತಡವರಿಸುವುದನ್ನೂ ನೋಡಿದ್ದೇನೆ. ಅಂಕ ಹೋದದ್ದು ಭಾಷೆಗೆ, ಸರ್ಕ್ಯೂಟಿಗಲ್ಲ. ಕನ್ನಡದಲ್ಲಿ ಮಂಡಿಸಬಹುದು ಎಂದು ನಿಯಮದಲ್ಲೇ ಬರೆಯಿರಿ.

ಇದಕ್ಕೆ ಸಹೋದ್ಯೋಗಿಗಳು ಹೇಳುವ ಆಕ್ಷೇಪ ನನಗೆ ಗೊತ್ತು. ಹ್ಯಾಕಥಾನ್ ಇರುವುದು ಕಲಿಕೆಗೆ, ಮಕ್ಕಳಿಂದ ಜಿಲ್ಲೆಯ ಉದ್ಧಾರ ನಿರೀಕ್ಷಿಸುವುದು ಅನ್ಯಾಯ ಎನ್ನುತ್ತಾರೆ. ಕಲಿಕೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. 2017ರಲ್ಲಿ ಶುರುವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಆರು ಜನರ ತಂಡದಲ್ಲಿ ಒಬ್ಬ ವಿದ್ಯಾರ್ಥಿನಿಯಾದರೂ ಇರಬೇಕು ಎಂದು ನಿಯಮ ಮಾಡಿದ್ದು, ಸಚಿವಾಲಯಗಳಿಂದಲೇ ಸಮಸ್ಯೆಗಳನ್ನು ತರಿಸಿದ್ದು ಒಳ್ಳೆಯ ಕೆಲಸ. 36 ಗಂಟೆ ಎಚ್ಚರವಿದ್ದು ಒಂದನ್ನು ಕಟ್ಟಿ ನಿಲ್ಲಿಸಿದ ಹುಡುಗರ ಮುಖದಲ್ಲಿ ಬರುವ ಆತ್ಮವಿಶ್ವಾಸ ನಾಲ್ಕು ಸೆಮಿಸ್ಟರ್ ಪಾಠದಿಂದ ಬರುವುದಿಲ್ಲ. ಆದರೆ ಸೆನ್ಸರ್ ಕೆಟ್ಟದ್ದು ಏಕೆ, ವಾಲ್ವ್‌ಮನ್ ಫೋನ್ ಮಾಡದಿದ್ದುದು ಏಕೆ ಎಂದು ಹುಡುಕುವುದೂ ಕಲಿಕೆಯೇ, ಎಂಜಿನಿಯರಿಂಗ್ ಎಂಬುದು ಬಹುಪಾಲು ಅದೇ. ಆ ಭಾಗವನ್ನು ಮಕ್ಕಳಿಂದ ಕಿತ್ತುಕೊಂಡವರು ನಾವು.

ಸಮಯ ಎಲ್ಲಿದೆ ಎಂದರೆ, ಪಠ್ಯಕ್ರಮದಲ್ಲೇ ಇದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯ ಕಾಲೇಜುಗಳ ವಿದ್ಯಾರ್ಥಿಗಳು ಪದವಿ ಮುಗಿಸುವಷ್ಟರಲ್ಲಿ 100 ಚಟುವಟಿಕೆ ಅಂಕ ಗಳಿಸಬೇಕು. ಅವುಗಳಿಗಾಗಿ ಪ್ರಮಾಣಪತ್ರ ಕಲೆಹಾಕುವ ಬದಲು ಹೊಲದಲ್ಲಿ, ವಾರ್ಡಿನಲ್ಲಿ ನಡೆಸಿದ ಪರೀಕ್ಷೆಗೆ ಆ ಅಂಕ ಕೊಡಬಹುದು. ಕೊನೆಯ ವರ್ಷದ ಪ್ರಾಜೆಕ್ಟ್ ಹೇಗೂ ಇದೆ. ಹಿಂಗಾರಿ ಬಿತ್ತನೆಗೆ ಮುಂಚೆ ಹ್ಯಾಕಥಾನ್ ಇಟ್ಟುಕೊಂಡರೆ ಕಡಲೆ ಕಟಾವಿನ ಹೊತ್ತಿಗೆ ಫಲಿತಾಂಶ ಕೈಯಲ್ಲಿರುತ್ತದೆ. ಮಳೆಯ ಮಾಹಿತಿಗೂ ಹೊಸದಾಗಿ ಯಂತ್ರ ಕಟ್ಟಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಮಾಪಕಗಳನ್ನು ಹಾಕಿಸಿದೆ, ವರುಣ ಮಿತ್ರ ಸಹಾಯವಾಣಿಯೂ ಇದೆ. ಮೊದಲು ಅದನ್ನು ಬಳಸಲು ಕಲಿಸೋಣ.

ಎಲ್ಲ ಸಂಕಟಕ್ಕೂ ಆ್ಯಪ್ ಇದೆ ಎಂದು ಮಕ್ಕಳಿಗೆ ಹೇಳುವುದನ್ನೂ ನಿಲ್ಲಿಸಬೇಕು. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಕುಸಿದಾಗ ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟಿಗೆ ವಾಹನಗಳು ಹೊತ್ತಿ ಉರಿದವು. ದರದ ಪ್ರಶ್ನೆಯನ್ನು ಆರು ವಿದ್ಯಾರ್ಥಿಗಳು ಬಿಡಿಸಲಾರರು. ಆದರೆ ಅದೇ ಪೇಟೆಯಲ್ಲಿ ಅವರ ಕೈಗೆಟುಕುವ ಕೆಲಸವೂ ಇದೆ. ಕಣದಲ್ಲಿ ಹರಡಿದ ಕಾಯಿ ಸರಿಯಾಗಿ ಒಣಗದಿದ್ದರೆ ಶಿಲೀಂಧ್ರ ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ಯುರೋಪಿನ ಪೇಟೆಯಲ್ಲಿ ಅದರ ಮಿತಿ ಕಿಲೋಗೆ 10 ಮೈಕ್ರೋಗ್ರಾಂ ಮಾತ್ರ. ಚೀಲ ತುಂಬುವ ಮೊದಲೇ ಮನೆಯಂಗಳದಲ್ಲಿ ತೇವ ಅಳೆದು ತಿಳಿಸುವ, ರೈತನೇ ನಂಬಿ ಬಳಸಬಹುದಾದ ಅಗ್ಗದ ಸಾಧನವನ್ನು ಒಂದು ತಂಡ ಒಂದು ಸುಗ್ಗಿಯಲ್ಲಿ ತಿದ್ದಿ ತೀಡಿ ಮಾಡಬಲ್ಲದು.

ಕೊನೆಗೆ, ನನ್ನ ಕಡೆಯಿಂದ. ಈ ಹಿಂಗಾರಿಗೆ ಎರೆ ಹೊಲದಲ್ಲಿ ಪರೀಕ್ಷೆ ಮಾಡಬಯಸುವ ತಂಡಗಳಿಗೆ ನಮ್ಮ ಊರಿನಲ್ಲಿ ಜಾಗ ಕೊಡಿಸುವ ಹೊಣೆ ನನ್ನದು. ಅಣ್ಣನೂ ಅಕ್ಕಪಕ್ಕದ ಹೊಲದವರೂ ಒಪ್ಪಿದ್ದಾರೆ. ಅವರ ಷರತ್ತು ಎರಡು: ಬಿತ್ತುವ ವಾರ ಯಾರೂ ಬಂದು ಕೆಲಸಕ್ಕೆ ಅಡ್ಡಿ ಮಾಡಬಾರದು, ಸೆನ್ಸರ್ ಊರಿದವರು ಕಟಾವಿನವರೆಗೆ ತಾವೇ ಬಂದು ನೋಡಿಕೊಳ್ಳಬೇಕು. ಹಾವೇರಿ ಕಡೆ ಮೆಣಸಿನಕಾಯಿ ಕಣ ಇರುವವರು, ಅವಳಿ ನಗರದಲ್ಲಿ ನೀರು ಬಿಡುವ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ, ತೀರ್ಪುಗಾರರಾಗಿ ಬರಲು ಒಪ್ಪಿಗೆ ಇದೆಯೇ ಎಂದು ದಯವಿಟ್ಟು ಕೆಳಗೆ ತಿಳಿಸಿ. ಸಂಘಟಕರ ಜೊತೆ ನಾನು ಮಾತನಾಡುತ್ತೇನೆ.